ಕಾಲಿನ ರಕ್ತನಾಳದ ಕಾಯಿಲೆ: ಸಂಶೋಧನೆ ಮುಂದೆ ಹೋಗಿದೆ, ತಪಾಸಣೆ ಹಿಂದೆ ಉಳಿದಿದೆ

ಹೃದಯದಲ್ಲಿ ಬ್ಲಾಕ್ ಇದೆ ಅಂದರೆ ಬೆಂಗಳೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಂಜಿಯೋಗ್ರಾಂ, ಸ್ಟೆಂಟ್, ಬೈಪಾಸ್ ಎಲ್ಲವೂ ಮನೆಮಾತು. ಅದೇ ಕೊಬ್ಬು, ಅದೇ ಕ್ಯಾಲ್ಸಿಯಂ ಕಾಲಿನ ರಕ್ತನಾಳದಲ್ಲಿ ಕಟ್ಟಿಕೊಂಡರೆ ಮಾತ್ರ ನಾವು ಅದನ್ನು ಬರೀ ಕಾಲುನೋವು ಅಂದುಕೊಂಡು ಸುಮ್ಮನಾಗುತ್ತೇವೆ. ಎಣ್ಣೆ ತಿಕ್ಕುತ್ತೇವೆ, ಮೂಳೆ ಡಾಕ್ಟರ ಹತ್ತಿರ ಹೋಗುತ್ತೇವೆ, ಮಂಡಿಗೆ ಎಕ್ಸ್‌ರೇ ತೆಗೆಸುತ್ತೇವೆ. ರಕ್ತನಾಳಕ್ಕೇ ಬೇರೆ ಡಾಕ್ಟರು ಇದ್ದಾರೆ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತಾಗುವುದು ಬೆರಳು ಕಪ್ಪಾದ ಮೇಲೆ.

ವೈದ್ಯರು ಇದನ್ನು ಪೆರಿಫೆರಲ್ ಆರ್ಟೀರಿಯಲ್ ಡಿಸೀಸ್, ಚುಟುಕಾಗಿ ಪಿಎಡಿ ಅನ್ನುತ್ತಾರೆ. 2015ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 23 ಕೋಟಿಗೂ ಜಾಸ್ತಿ ಜನರಿಗೆ ಇದಿತ್ತು. ಅವರಲ್ಲಿ ಹೆಚ್ಚಿನವರು ನಮ್ಮಂಥ ದೇಶಗಳವರು. ಇಲ್ಲಿ ಕಾಲಿಗೆ ಮಾತ್ರ ಅಪಾಯ ಅಂತ ತಿಳಿಯಬಾರದು. ಕಾಲಿನ ನಾಳ ಕಟ್ಟಿಕೊಂಡವರ ಹೃದಯದ, ಮೆದುಳಿನ ನಾಳಗಳೂ ಸಾಮಾನ್ಯವಾಗಿ ಕೆಟ್ಟಿರುತ್ತವೆ. ಈ ರೋಗಿಗಳ ಜೀವ ಹೋಗುವುದು ಹೆಚ್ಚಾಗಿ ಹೃದಯಾಘಾತದಿಂದ, ಇಲ್ಲವೇ ಸ್ಟ್ರೋಕ್‌ನಿಂದ.

ಕೆಲವು ವರ್ಷಗಳಿಂದ ಈ ಕಾಯಿಲೆಯ ಚಿಕಿತ್ಸೆಯ ಬಗ್ಗೆ, ರೋಗಿಗಳ ಗುಂಪುಗಳನ್ನು ಹೋಲಿಸಿ ನೋಡುವ ದೊಡ್ಡ ದೊಡ್ಡ ಟ್ರಯಲ್‌ಗಳು ಒಂದರ ಹಿಂದೆ ಒಂದು ಹೊರಬಂದಿವೆ. ಬಲೂನ್ ಒಳ್ಳೆಯದೋ ಬೈಪಾಸ್ ಒಳ್ಳೆಯದೋ, ಯಾವ ಮಾತ್ರೆ, ಯಾವ ಇಂಜೆಕ್ಷನ್ ಎಂಬ ಚರ್ಚೆ ಜೋರಾಗಿದೆ. ಅದೆಲ್ಲ ಬೇಕು. ಆದರೆ ಅದೆಲ್ಲವೂ ಶುರುವಾಗುವುದು ರೋಗ ಪತ್ತೆಯಾದ ಮೇಲೆ ಅಲ್ವಾ? ನಾವು ಎಡವುತ್ತಿರುವುದು ಅದಕ್ಕೂ ಮುಂಚೆ, ಕಾಲಿನ ರಕ್ತದ ಹರಿವನ್ನು ಅಳೆಯುವ ಜಾಗದಲ್ಲಿ. ಸಕ್ಕರೆ ಕಾಯಿಲೆ ಇಷ್ಟೊಂದು ಇರುವ ಊರಿನಲ್ಲಿ ಈ ಅಳತೆಯೇ ಸರಿಯಾಗಿ ಆಗದಿದ್ದರೆ, ಯಾವ ಟ್ರಯಲ್‌ನ ಫಲವೂ ನಮ್ಮ ಕಾಲಿಗೆ ತಲುಪುವುದಿಲ್ಲ.

ಪುಸ್ತಕದಲ್ಲಿ ಬರೆದಿರುವ ಲಕ್ಷಣ ಸುಲಭದ್ದು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ತೊಂದರೆ ಏನೆಂದರೆ, ಇಷ್ಟು ಸ್ಪಷ್ಟವಾಗಿ ಹೇಳುವ ರೋಗಿಗಳು ಕಡಿಮೆ. ಹಲವರಿಗೆ, ಅದರಲ್ಲೂ ಹೆಂಗಸರಿಗೆ, ಬರೀ ಕಾಲು ಸೋತ ಹಾಗೆ, ಭಾರವಾದ ಹಾಗೆ ಅನ್ನಿಸುತ್ತದೆ. ಶುಗರ್‌ನಿಂದ ನರ ಮಂದವಾಗಿದ್ದರೆ ನೋವೇ ಗೊತ್ತಾಗುವುದಿಲ್ಲ. ಇನ್ನೂ ಒಂದು ಕಾರಣ ನಮ್ಮ ನಗರದ ಬದುಕಿನಲ್ಲೇ ಇದೆ. ಮನೆ ಬಾಗಿಲಿಗೆ ಆಟೋ, ಅಪಾರ್ಟ್‌ಮೆಂಟಿಗೆ ಲಿಫ್ಟ್, ಪಕ್ಕದ ರಸ್ತೆಗೂ ಸ್ಕೂಟರ್. ನೋವು ಬರುವಷ್ಟು ದೂರ ನಾವು ನಡೆಯುವುದೇ ಇಲ್ಲ. ಹಾಗಾಗಿ ಮೊದಲ ಲಕ್ಷಣವೇ ವಾಸಿಯಾಗದ ಗಾಯ ಆಗಿರುತ್ತದೆ. ಇನ್ನು ಚರ್ಮ ಬಿಳಿಚಿದೆಯೇ ಎಂದು ನೋಡುವ ಪರೀಕ್ಷೆ ಬಿಳಿ ಚರ್ಮದವರನ್ನು ನೋಡಿ ಬರೆದದ್ದು. ನಮ್ಮ ಮೈಬಣ್ಣದಲ್ಲಿ ಅದು ಸುಲಭವಾಗಿ ಕಣ್ತಪ್ಪುತ್ತದೆ.

ನಮ್ಮ ಚಿಕ್ಕಪ್ಪನದೇ ಉದಾಹರಣೆ ಕೊಡುತ್ತೇನೆ. ಅವರಿಗೆ ಎಪ್ಪತ್ತರ ಆಸುಪಾಸು, ಶುಗರ್ ಬಂದು ಬಹಳ ವರ್ಷವಾಗಿದೆ. ಗಾಂಧಿ ಬಜಾರಿಗೆ ಹೋದರೆ ಅಂಗಡಿಯಿಂದ ಅಂಗಡಿಗೆ ನಿಂತು ಬೆಲೆ ಕೇಳುತ್ತಿದ್ದರು, ಏನೂ ಕೊಳ್ಳುತ್ತಿರಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ತೋರಿಸಿದರೆ "ವಯಸ್ಸಾಯ್ತಲ್ಲ ಸರ್, ನರದ ವೀಕ್‌ನೆಸ್" ಎಂದು ಬಿ-12 ಮಾತ್ರೆ ಬರೆದರು. ಒಂದು ವರ್ಷಕ್ಕೂ ಮೇಲೆ ಅದೇ ಚೀಟಿ ನಡೆಯಿತು. ಒಂದು ಸಲವೂ ಯಾರೂ ಅವರ ಚಪ್ಪಲಿ ಬಿಚ್ಚಿಸಿ ಪಾದದ ನಾಡಿ ಮುಟ್ಟಿ ನೋಡಲಿಲ್ಲ. ಕಿರುಬೆರಳಿನ ಪಕ್ಕ ಚಪ್ಪಲಿ ಉಜ್ಜಿ ಆದ ಗಾಯ ಒಣಗದೇ ಇದ್ದಾಗ ರಕ್ತನಾಳದ ವಿಭಾಗ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ಮಾಡಿದ ಪರೀಕ್ಷೆ ನೋಡಿ ನನಗೆ ಆಶ್ಚರ್ಯವಾಯಿತು. ಅಷ್ಟು ಸರಳ ಅದು. ಹತ್ತು ನಿಮಿಷ ಅಂಗಾತ ಮಲಗಿಸಿದರು. ಎರಡೂ ತೋಳಿಗೆ, ಎರಡೂ ಕಣಕಾಲಿಗೆ ಬಿಪಿ ಪಟ್ಟಿ ಸುತ್ತಿದರು. ಪೆನ್ನಿನಷ್ಟು ದಪ್ಪದ ಡಾಪ್ಲರ್ ಕಡ್ಡಿಗೆ ಜೆಲ್ ಹಚ್ಚಿ ಪಾದದ ಮೇಲೆ, ಆಮೇಲೆ ಕಣಕಾಲಿನ ಒಳಬದಿಯ ಮೂಳೆಯ ಹಿಂದೆ ಇಟ್ಟರು. ಪುಟ್ಟ ಸ್ಪೀಕರ್‌ನಲ್ಲಿ ರಕ್ತ ಹರಿಯುವ ಸದ್ದು ಕೇಳಿಸಿತು. ಪಟ್ಟಿಗೆ ಗಾಳಿ ತುಂಬಿದರೆ ಸದ್ದು ನಿಲ್ಲುತ್ತದೆ. ಗಾಳಿ ಬಿಡುತ್ತಾ ಬಂದಾಗ ಎಷ್ಟರಲ್ಲಿ ಸದ್ದು ಮರಳುತ್ತದೋ ಅದೇ ಆ ಜಾಗದ ಒತ್ತಡ. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಬರುವುದೇ ಆಂಕಲ್ ಬ್ರೇಕಿಯಲ್ ಇಂಡೆಕ್ಸ್, ಅಂದರೆ ಎಬಿಐ. 1.0ರಿಂದ 1.4ರವರೆಗೆ ಇದ್ದರೆ ಸರಿ. 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಿಎಡಿ ಇದೆ ಎಂದರ್ಥ.

ಚಿಕ್ಕಪ್ಪನ ತೋಳಿನಲ್ಲಿ 140. ಬಲ ಕಣಕಾಲಿನಲ್ಲಿ 98, ಅಂದರೆ 0.7. ಎಡಗಾಲಿನಲ್ಲಿ 210, ಅಂದರೆ 1.5. "ಎಡಗಾಲು ಪರವಾಗಿಲ್ಲ ಬಿಡಿ" ಎಂದು ಚಿಕ್ಕಮ್ಮ ಸಮಾಧಾನಪಟ್ಟರು. ಡಾಕ್ಟರು ತಲೆಯಾಡಿಸಿದರು. "ಇಲ್ಲಮ್ಮಾ, ನನಗೆ ಚಿಂತೆ ಇರುವುದೇ ಎಡಗಾಲಿಂದು" ಎಂದರು. ಹೆಬ್ಬೆರಳಿಗೆ ಉಂಗುರದಂಥ ಚಿಕ್ಕ ಪಟ್ಟಿ ಹಾಕಿ ಅಳೆದರು. 56 ಬಂತು.

ಇಲ್ಲೇ ಇಡೀ ವಿಷಯದ ಗಂಟು ಇರುವುದು. ಬಹಳ ವರ್ಷ ಶುಗರ್ ಇದ್ದವರಲ್ಲಿ, ಕಿಡ್ನಿ ತೊಂದರೆ ಇರುವವರಲ್ಲಿ ಕಣಕಾಲಿನ ನಾಳದ ಗೋಡೆಗೆ ಕ್ಯಾಲ್ಸಿಯಂ ತುಂಬಿ ಗಟ್ಟಿಯಾಗುತ್ತದೆ. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ಕಾಲಲ್ಲಿ ಒತ್ತಿ ನೀರು ನಿಲ್ಲಿಸಬಹುದು, ಕಬ್ಬಿಣದ ಪೈಪನ್ನು ಒತ್ತಿದರೆ ಏನೂ ಆಗುವುದಿಲ್ಲ. ಹಾಗೇ ಇದೂ. ಪಟ್ಟಿ ಎಷ್ಟು ಬಿಗಿದರೂ ನಾಳ ಅದುಮುವುದಿಲ್ಲ. ಒಳಗೆ ಹರಿಯುವ ರಕ್ತ ಕಡಿಮೆ ಇದ್ದರೂ ಒತ್ತಡ ಜಾಸ್ತಿ ಎಂದೇ ತೋರಿಸುತ್ತದೆ. ಕೆಲವರಲ್ಲಿ ಇದು ಇನ್ನೂ ಮೋಸದ್ದು. ಬ್ಲಾಕ್‌ನಿಂದ ಇಳಿದ ಒತ್ತಡ, ಕ್ಯಾಲ್ಸಿಯಂನಿಂದ ಏರಿದ ಒತ್ತಡ ಎರಡೂ ಸೇರಿ 1.1 ಎಂದು ತೋರಿಸಿ "ನಾರ್ಮಲ್" ಅನ್ನಿಸಿಕೊಳ್ಳುತ್ತವೆ. ಹೆಬ್ಬೆರಳಿನ ಸಣ್ಣ ನಾಳಗಳಲ್ಲಿ ಈ ಗಟ್ಟಿತನ ಕಡಿಮೆ. ಅದಕ್ಕೇ ಬೆರಳಿನ ಅಳತೆ ಹೆಚ್ಚು ನಂಬಬಹುದಾದದ್ದು. ಬೆರಳಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ 0.7ರ ಮೇಲಿರಬೇಕು. ಚಿಕ್ಕಪ್ಪನ ಎಡಗಾಲಿನದು 0.4.

ಸಕ್ಕರೆ ಕಾಯಿಲೆಯವರ ಪಾದದ ಬಗ್ಗೆ ಅಂತಾರಾಷ್ಟ್ರೀಯ ತಜ್ಞರ ಗುಂಪುಗಳು 2023ರಲ್ಲಿ ಸೇರಿ ಹೊರತಂದ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಎಬಿಐ ಒಂದನ್ನೇ ನಂಬಬೇಡಿ. ಹೆಬ್ಬೆರಳಿನ ಒತ್ತಡ ನೋಡಿ, ಡಾಪ್ಲರ್‌ನ ಅಲೆಯ ಆಕಾರ ನೋಡಿ. ಆರೋಗ್ಯವಂತ ನಾಳದಲ್ಲಿ ಪ್ರತಿ ಬಡಿತಕ್ಕೂ ಎರಡು ಮೂರು ಸದ್ದು ಬೇರೆ ಬೇರೆಯಾಗಿ ಕೇಳಿಸುತ್ತವೆ. ಮೇಲೆಲ್ಲೋ ಬ್ಲಾಕ್ ಇದ್ದರೆ ಒಂದೇ ಮಂದ ಸದ್ದು. ಬೆರಳಿನ ಒತ್ತಡ 30ಕ್ಕಿಂತ ಕೆಳಗಿದ್ದರೆ ಗಾಯ ತಾನಾಗಿ ಮಾಯುವ ಆಸೆ ಕಡಿಮೆ, ತಡಮಾಡದೆ ನಾಳದ ಚಿತ್ರ ತೆಗೆದು ರಕ್ತ ಹರಿಸುವ ದಾರಿ ನೋಡಬೇಕು. ಡಾಪ್ಲರ್ ಕಡ್ಡಿ, ಬೆರಳಿನ ಪಟ್ಟಿ ಇವೆಲ್ಲ ಎಂಆರ್‌ಐ ಮೆಷೀನಿನಂಥ ದೊಡ್ಡ ಖರ್ಚಿನ ಸಾಮಾನಲ್ಲ.

ನಮ್ಮ ಕಡೆಯ ಅಂಕಿಅಂಶಗಳನ್ನೂ ಈ ಕಣ್ಣಿನಿಂದಲೇ ನೋಡಬೇಕು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು 2000ದಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನ. ಒಟ್ಟು ಜನರಲ್ಲಿ ಶೇ 3.2, ಸಕ್ಕರೆ ಕಾಯಿಲೆ ಇದ್ದವರಲ್ಲಿ ಶೇ 6.3 ಮಂದಿಗೆ ಪಿಎಡಿ ಇತ್ತು ಎಂದು ಅದು ಹೇಳಿತು. ಯುರೋಪಿಗಿಂತ ಇದು ಕಡಿಮೆ. ಇದನ್ನು ನೋಡಿ ನಮ್ಮವರಿಗೆ ಹೃದಯದ ಬ್ಲಾಕ್ ಜಾಸ್ತಿ, ಕಾಲಿನ ಬ್ಲಾಕ್ ಕಡಿಮೆ ಅನ್ನುವ ನಂಬಿಕೆ ಬೇರೂರಿತು. ಆದರೆ ಆ ಅಧ್ಯಯನದಲ್ಲಿ 20 ವರ್ಷ ದಾಟಿದ ಎಲ್ಲರೂ ಇದ್ದರು. ಹರೆಯದವರು ಸೇರಿದಾಗ ಸರಾಸರಿ ಇಳಿಯುವುದು ಸಹಜ. ರೋಗ ಗುರುತಿಸಿದ್ದು ಎಬಿಐ ಲೆಕ್ಕದಲ್ಲಿ. ನಾಳ ಗಟ್ಟಿಯಾದ ಶುಗರ್ ರೋಗಿಗಳು ಅದರಲ್ಲಿ ತಪ್ಪಿಸಿಕೊಂಡಿರಬಹುದು. ಮೇಲಾಗಿ ಅದು ಕಾಲು ಶತಮಾನದ ಹಿಂದಿನ ಮಾತು. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಹಳೆಯ ಶೇ 6.3ನ್ನೇ ಇಟ್ಟುಕೊಂಡು ಗುಣಿಸಿದರೂ 60 ಲಕ್ಷ ದಾಟುತ್ತದೆ. ಇದು ನಾನು ಹಾಕಿದ ಒರಟು ಲೆಕ್ಕ ಅಷ್ಟೇ. ಆದರೂ ಕಡಿಮೆ ಎಂದು ಕೈಬಿಡುವ ಸಂಖ್ಯೆಯಲ್ಲ.

ಹಾಗಾದರೆ ಎಲ್ಲರಿಗೂ ಪರೀಕ್ಷೆ ಮಾಡಬೇಕಾ? ಬೇಡ. ಲಕ್ಷಣವಿಲ್ಲದ ಸಾಮಾನ್ಯ ಜನರಿಗೆಲ್ಲ ಎಬಿಐ ಮಾಡಿಸಿ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ತಡೆಗಟ್ಟುವಿಕೆ ಸೇವೆಗಳ ಕಾರ್ಯಪಡೆ 2018ರಲ್ಲಿ ಹೇಳಿತು. ಇನ್ನೊಂದು ಕಡೆ ಡೆನ್ಮಾರ್ಕ್‌ನಲ್ಲಿ 65ರಿಂದ 74 ವರ್ಷದ ಸುಮಾರು 50 ಸಾವಿರ ಗಂಡಸರ ಮೇಲೆ ನಡೆದ ಟ್ರಯಲ್ 2017ರಲ್ಲಿ ಪ್ರಕಟವಾಯಿತು. ತಪಾಸಣೆಗೆ ಕರೆದವರಲ್ಲಿ ಸಾವು ಶೇ 7ರಷ್ಟು ಕಡಿಮೆಯಾಗಿತ್ತು. ಆದರೆ ಅಲ್ಲಿ ಕಾಲಿನ ಜೊತೆ ಹೊಟ್ಟೆಯ ಮಹಾಪಧಮನಿಯನ್ನೂ ಬಿಪಿಯನ್ನೂ ನೋಡಿದ್ದರು. ಯಾವುದರಿಂದ ಎಷ್ಟು ಲಾಭ ಎಂದು ಬಿಡಿಸುವುದು ಕಷ್ಟ. 2024ರ ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿ ನಡುದಾರಿ ಹಿಡಿದಿದೆ. 65 ದಾಟಿದವರು, 50 ದಾಟಿ ಶುಗರ್, ತಂಬಾಕಿನ ಚಟದಂಥ ಅಪಾಯ ಇರುವವರು, 50ರೊಳಗಿದ್ದರೂ ಶುಗರ್ ಜೊತೆ ಇನ್ನೊಂದು ಅಪಾಯ ಇರುವವರು, ಇವರಿಗೆ ಪರೀಕ್ಷೆ ಮಾಡುವುದು ಸೂಕ್ತ ಎನ್ನುತ್ತದೆ. ನನಗೆ ಇದು ಬೆಂಗಳೂರಿಗೆ ಸರಿಹೊಂದುತ್ತದೆ ಅನ್ನಿಸುತ್ತದೆ. ಶುಗರ್ ಇದ್ದು ಪಾದದಲ್ಲಿ ಗಾಯ ಆದವರ ವಿಷಯದಲ್ಲಂತೂ ಚರ್ಚೆಯೇ ಬೇಡ. ಅವರಿಗೆ ಮಾಡಲೇಬೇಕು.

ಈಗ ಚಿಕಿತ್ಸೆಯ ವಿಷಯಕ್ಕೆ ಬರೋಣ. ಕಾಲು ಉಳಿಯುವುದೇ ಅನುಮಾನ ಎಂಬ ಹಂತ ತಲುಪಿದವರಿಗೆ, ಅಂದರೆ ಮಲಗಿದಾಗಲೂ ನೋವು, ಹುಣ್ಣು, ಗ್ಯಾಂಗ್ರೀನ್ ಇರುವವರಿಗೆ, ಎರಡು ದಾರಿ. ತೊಡೆಸಂದಿಯಲ್ಲಿ ತಂತಿ ತೂರಿಸಿ ಬಲೂನ್, ಸ್ಟೆಂಟ್ ಹಾಕುವುದು ಒಂದು. ಅವರದೇ ಕಾಲಿನ ಸಿರೆ ತೆಗೆದು ಬೈಪಾಸ್ ಮಾಡುವುದು ಇನ್ನೊಂದು. ಬೆಸ್ಟ್-ಸಿಎಲ್‌ಐ ಎಂಬ ಟ್ರಯಲ್ 2022ರಲ್ಲಿ ಬಂತು. ಒಟ್ಟು 1,830 ರೋಗಿಗಳು. ಒಳ್ಳೆಯ ಉದ್ದನೆಯ ಸಿರೆ ಇದ್ದವರಲ್ಲಿ ಕಾಲಿಗೆ ದೊಡ್ಡ ಹಾನಿ ಅಥವಾ ಸಾವು ಬೈಪಾಸ್ ಗುಂಪಿನಲ್ಲಿ ಶೇ 42.6, ಬಲೂನ್ ಗುಂಪಿನಲ್ಲಿ ಶೇ 57.4. ಬೈಪಾಸ್ ಗೆದ್ದಿತು. ಒಳ್ಳೆಯ ಸಿರೆ ಇಲ್ಲದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮರುವರ್ಷವೇ ಬ್ರಿಟನ್ನಿನ ನೇತೃತ್ವದ ಬೇಸಿಲ್-2 ಬಂತು. ಮಂಡಿಯ ಕೆಳಗಿನ ನಾಳಗಳಿಗೆ ಚಿಕಿತ್ಸೆ ಬೇಕಾದ 345 ರೋಗಿಗಳು. ಕಾಲು ಕಳೆದುಕೊಂಡವರು ಅಥವಾ ತೀರಿಕೊಂಡವರು ಬೈಪಾಸ್ ಗುಂಪಿನಲ್ಲಿ ಶೇ 63, ಬಲೂನ್ ಗುಂಪಿನಲ್ಲಿ ಶೇ 53. ಇಲ್ಲಿ ಬಲೂನ್ ಗೆದ್ದಿತು.

ಇದನ್ನು ಓದಿ ಡಾಕ್ಟರುಗಳಿಗೇ ಒಮ್ಮತವಿಲ್ಲ ಎಂದು ಕೈಚೆಲ್ಲಬಾರದು. ಎರಡೂ ಟ್ರಯಲ್‌ಗಳು ಬೇರೆ ಬೇರೆ ಪ್ರಶ್ನೆ ಕೇಳಿವೆ. ಬೆಸ್ಟ್‌ನಲ್ಲಿ ತೊಡೆಯ ನಾಳದ ಬ್ಲಾಕ್‌ಗಳೂ ಸೇರಿದ್ದವು. ಬೇಸಿಲ್‌ನಲ್ಲಿ ಎಲ್ಲರದೂ ಮಂಡಿಯ ಕೆಳಗಿನದು, ಮತ್ತು ಅಲ್ಲಿ ಬೈಪಾಸ್ ಗುಂಪಿನಲ್ಲಿ ಸಾವುಗಳೇ ಹೆಚ್ಚಿದ್ದವು. ಬೆಸ್ಟ್‌ನ ಬಲೂನ್ ಗುಂಪಿನಲ್ಲಿ ಮತ್ತೆ ಮತ್ತೆ ದೊಡ್ಡ ಚಿಕಿತ್ಸೆ ಬೇಕಾದವರು ಜಾಸ್ತಿ. ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ಬ್ಲಾಕ್ ಎಲ್ಲಿದೆ, ಸಿರೆ ಹೇಗಿದೆ, ಹೃದಯ ಆಪರೇಷನ್ ತಡೆಯುತ್ತದೆಯೇ, ಈ ಮೂರನ್ನೂ ನೋಡದೆ "ನಾವು ಬಲೂನ್ ಮಾತ್ರ ಮಾಡೋದು" ಎನ್ನುವ ಜಾಗದಲ್ಲಿ ಕಾಲನ್ನು ಒಪ್ಪಿಸಬಾರದು. ಎರಡೂ ಕೆಲಸ ಬಲ್ಲ ತಂಡ ಇರುವ ಕಡೆ ಹೋಗಬೇಕು. ವಸಂತನಗರದ ಜೈನ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆಂದೇ ಸಂಸ್ಥೆ ಇದೆ. ಜಯನಗರದ ಕಡೆ ಜಯದೇವ ಇದೆ, ಸರ್ಕಾರದ್ದೇ ಆದ ಕರ್ನಾಟಕ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪಾದದ ವಿಭಾಗ ಇದೆ. ಊರಿಗೆ ಪರಿಣತಿಯ ಬರ ಇಲ್ಲ. ರೋಗಿ ಅಲ್ಲಿಗೆ ತಲುಪುವ ಹೊತ್ತೇ ತಪ್ಪಿಹೋಗುತ್ತಿದೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಬೆಸ್ಟ್ ನಡೆದದ್ದು ಅಮೆರಿಕ, ಕೆನಡಾ, ಫಿನ್‌ಲೆಂಡ್, ಇಟಲಿ, ನ್ಯೂಜಿಲೆಂಡ್‌ಗಳಲ್ಲಿ. ಬೇಸಿಲ್ ನಡೆದದ್ದು ಬ್ರಿಟನ್, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ. ಎರಡರಲ್ಲೂ ಭಾರತದ ಒಂದು ಆಸ್ಪತ್ರೆಯೂ ಇಲ್ಲ. ತಡವಾಗಿ ಬರುವ, ಸೋಂಕು ಹತ್ತಿಸಿಕೊಂಡು ಬರುವ ನಮ್ಮ ರೋಗಿಗಳಿಗೆ ಆ ಶೇಕಡಾವಾರು ಹಾಗೇ ಅನ್ವಯಿಸುತ್ತದೆ ಎಂದುಕೊಳ್ಳುವುದು ಕಷ್ಟ.

ಔಷಧ ಲೇಪಿಸಿದ ಬಲೂನಿನ ಕಥೆ ತಾಳ್ಮೆ ಕಲಿಸುವಂಥದ್ದು. ನಾಳ ಮತ್ತೆ ಕಟ್ಟಿಕೊಳ್ಳದಿರಲಿ ಎಂದು ಬಲೂನಿಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಹಚ್ಚುತ್ತಾರೆ. 2018ರಲ್ಲಿ 28 ಟ್ರಯಲ್‌ಗಳನ್ನು ಒಟ್ಟಿಗೆ ಸೇರಿಸಿ ನೋಡಿದ ವಿಶ್ಲೇಷಣೆ, ಇದನ್ನು ಬಳಸಿದವರಲ್ಲಿ ಕೆಲವು ವರ್ಷಗಳ ನಂತರ ಸಾವು ಜಾಸ್ತಿ ಎಂದಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಕೆ ಕೊಟ್ಟಿತು. 2020ರಲ್ಲಿ ಸ್ವೀಡನ್ನಿನ ಸ್ವೀಡ್‌ಪ್ಯಾಡ್ ಟ್ರಯಲ್‌ನ ಮಧ್ಯಂತರ ವರದಿ, 2,289 ರೋಗಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂದಿತು. 2023ರಲ್ಲಿ ಎಫ್‌ಡಿಎ ಕೂಡ ಹೆಚ್ಚಿನ ಸಾವಿಗೆ ಆಧಾರ ಇಲ್ಲ ಎಂದು ಹೇಳಿತು. ಆದರೆ 2025ರಲ್ಲಿ ಸ್ವೀಡ್‌ಪ್ಯಾಡ್‌ನ ಅಂತಿಮ ಫಲಿತಾಂಶ ಬಂದಾಗ, ಕಾಲು ಅಪಾಯದಲ್ಲಿದ್ದ ರೋಗಿಗಳಲ್ಲಿ ಔಷಧದ ಬಲೂನ್, ಸ್ಟೆಂಟ್‌ಗಳು ಕಾಲು ಕತ್ತರಿಸುವುದನ್ನು ಕಡಿಮೆ ಮಾಡಲಿಲ್ಲ ಎಂದು ಗೊತ್ತಾಯಿತು. ಜೇಬಿನಿಂದ ದುಡ್ಡು ಕೊಡುವ ಕುಟುಂಬಕ್ಕೆ ಇದು ದೊಡ್ಡ ವಿಷಯ. ದುಬಾರಿ ಬಲೂನ್ ಸೂಚಿಸಿದರೆ, ನಮ್ಮ ರೋಗಿಗೆ ಇದರಿಂದ ಏನು ಲಾಭ ಎಂದು ಕೇಳುವ ಹಕ್ಕು ನಮಗಿದೆ.

ಮಾತ್ರೆಗಳಲ್ಲಿ ಗಟ್ಟಿ ಪುರಾವೆ ಇರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಿವರೋಕ್ಸಾಬ್ಯಾನ್‌ಗೆ. ಬಲೂನ್ ಅಥವಾ ಬೈಪಾಸ್ ಆದ 6,564 ರೋಗಿಗಳ ವಾಯೇಜರ್ ಟ್ರಯಲ್ 2020ರಲ್ಲಿ ಬಂತು. ಆಸ್ಪಿರಿನ್ ಜೊತೆ ದಿನಕ್ಕೆ ಎರಡು ಸಲ 2.5 ಮಿಲಿಗ್ರಾಂ ಕೊಟ್ಟಾಗ, ಕಾಲು ಮತ್ತು ಹೃದಯದ ದೊಡ್ಡ ಅನಾಹುತಗಳು 3 ವರ್ಷದಲ್ಲಿ ಶೇ 19.9ರಿಂದ 17.3ಕ್ಕೆ ಇಳಿದವು. ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚುತ್ತದೆ, ಹಾಗಾಗಿ ಡಾಕ್ಟರು ನೋಡಿಯೇ ಕೊಡಬೇಕು. 2025ರಲ್ಲಿ, ಶುಗರ್‌ಗೆ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್ ಮೇಲಿನ ಸ್ಟ್ರೈಡ್ ಟ್ರಯಲ್ ಸುದ್ದಿ ಮಾಡಿತು. ಶುಗರ್ ಜೊತೆ ಪಿಎಡಿ ಇದ್ದ 792 ಜನ. ಒಂದು ವರ್ಷದ ನಂತರ ಅವರು ನಡೆಯಬಲ್ಲ ಗರಿಷ್ಠ ದೂರ ಹೆಚ್ಚಿತು. ಇಂಜೆಕ್ಷನ್ ಪಡೆದವರಿಗೂ ಪಡೆಯದವರಿಗೂ ಮಧ್ಯದ ವ್ಯತ್ಯಾಸ 26 ಮೀಟರ್ ಚಿಲ್ಲರೆ. ಆರೋಗ್ಯವಂತರಿಗೆ ಇದು ಏನೂ ಅಲ್ಲ. ಮನೆಯಿಂದ ಬಸ್ ಸ್ಟಾಪಿಗೆ ಹೋಗಲಾಗದವರಿಗೆ ಮಾತ್ರ ಇದರ ಬೆಲೆ ಗೊತ್ತು.

ಆದರೆ ಇದಕ್ಕಿಂತ ಜಾಸ್ತಿ ದೂರ ಕೊಡುವ ಚಿಕಿತ್ಸೆ ನಡಿಗೆಯೇ. 2021ರ ಲೈಟ್ ಟ್ರಯಲ್‌ನಲ್ಲಿ 305 ಜನ ಮನೆಯ ಹತ್ತಿರವೇ ನಡೆದರು. ಕಾಲು ನೋಯುವಷ್ಟು ಬಿರುಸಾಗಿ ನಡೆದವರು 6 ನಿಮಿಷದಲ್ಲಿ ಕ್ರಮಿಸುವ ದೂರ ವರ್ಷದ ಕೊನೆಗೆ 34 ಮೀಟರಿಗೂ ಹೆಚ್ಚಾಯಿತು. ನೋವು ಬಾರದಂತೆ ಮೆಲ್ಲಗೆ ನಡೆದವರಿಗೆ ಉಪಯೋಗವಾಗಲಿಲ್ಲ. ನೋವು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ಮತ್ತೆ ನಡೆಯಬೇಕು. ಇದನ್ನು ಹೇಳಿಕೊಡುವವರು ಬೇಕು, ಧೈರ್ಯ ಕೊಡುವವರು ಬೇಕು. ನೋವಾದರೆ ಕೂತುಬಿಡಿ ಎನ್ನುವುದೇ ನಮ್ಮ ಮನೆಗಳ ಪ್ರೀತಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಹತ್ತಿರ ಇದ್ದವರು ಪುಣ್ಯವಂತರು. ಉಳಿದ ಬಡಾವಣೆಗಳ ಒಡೆದ ಫುಟ್‌ಪಾತಿನಲ್ಲಿ ಶುಗರ್ ರೋಗಿಯನ್ನು ನಡೆಸುವುದು ಹೊಸ ಗಾಯಕ್ಕೆ ದಾರಿ ಮಾಡಿಕೊಟ್ಟಂತೆ. ಪಾದದಲ್ಲಿ ಈಗಾಗಲೇ ಹುಣ್ಣು ಇದ್ದರೆ ಈ ನಡಿಗೆ ಬೇಡವೇ ಬೇಡ.

ಬೆಂಗಳೂರು ಬರೀ ಬೇರೆಯವರ ಫಲಿತಾಂಶ ಓದುವ ಊರಲ್ಲ. ಇಲ್ಲಿನ ಸ್ಟೆಂಪ್ಯೂಟಿಕ್ಸ್ ಕಂಪನಿ, ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ಬೆಳೆಸಿದ ಕಾಂಡಕೋಶಗಳನ್ನು ಮೀನಖಂಡಕ್ಕೆ ಚುಚ್ಚುವ ಚಿಕಿತ್ಸೆ ರೂಪಿಸಿತು. ಬೀಡಿ, ಸಿಗರೇಟು ಸೇದುವ ಯುವಕರ ಕಾಲು ತಿನ್ನುವ ಬರ್ಗರ್ಸ್ ಕಾಯಿಲೆಗೆ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. 2020ರಲ್ಲಿ ಪಿಎಡಿಗೂ ಸೇರಿ ಅನುಮತಿ ಸಿಕ್ಕಿತು. ಹೆಮ್ಮೆಯ ಕೆಲಸವೇ. ಆದರೂ ಎಚ್ಚರ ಬೇಕು. ನೆದರ್ಲೆಂಡ್ಸ್‌ನಲ್ಲಿ 160 ರೋಗಿಗಳ ಮೇಲೆ ಬೇರೆ ಬಗೆಯ ಮಜ್ಜೆಕೋಶ ಬಳಸಿದ ಟ್ರಯಲ್ 2015ರಲ್ಲಿ ಪ್ರಕಟವಾಯಿತು. ಕಾಲು ಕತ್ತರಿಸುವುದು ಅಲ್ಲಿ ಕಡಿಮೆಯಾಗಲಿಲ್ಲ. ನನ್ನ ದೃಷ್ಟಿಯಲ್ಲಿ ಬಲೂನ್, ಬೈಪಾಸ್ ಎರಡೂ ಆಗದವರು ಯೋಚಿಸಬೇಕಾದ ದಾರಿ ಇದು, ಮೊದಲ ದಾರಿಯಲ್ಲ. ಇನ್ನೊಂದು ಕೆಲಸ ಐಐಎಸ್‌ಸಿ ಮತ್ತು ಎಂಡೋಕ್ರೈನಾಲಜಿ ಸಂಸ್ಥೆ ಸೇರಿ ಮಾಡಿದ ಪಾದರಕ್ಷೆ. ಸ್ಪರ್ಶ ಕಳೆದುಕೊಂಡ ಪಾದದಲ್ಲಿ ಒಂದೇ ಜಾಗಕ್ಕೆ ಭಾರ ಬೀಳದಂತೆ ಅದು ತಾನೇ ಹಂಚುತ್ತದೆ. ಹುಣ್ಣು ಆಗದಂತೆ ತಡೆಯುವ ಇಂಥ ಕೆಲಸಕ್ಕೆ ಪತ್ರಿಕೆಗಳಲ್ಲಿ ಸಿಕ್ಕ ಜಾಗ ಸಾಲದು.

ನಿಮ್ಮ ಮನೆಯವರನ್ನು ಯಾವುದಾದರೂ ಟ್ರಯಲ್‌ಗೆ ಸೇರಿಸಿಕೊಳ್ಳುತ್ತೇವೆ ಎಂದರೆ ಹೆದರಬೇಕಿಲ್ಲ, ಆದರೆ ಕೇಳಬೇಕು. ಭಾರತದಲ್ಲಿ ಟ್ರಯಲ್‌ಗಳು ಸಿಟಿಆರ್‌ಐ ಎಂಬ ರಿಜಿಸ್ಟ್ರಿಯಲ್ಲಿ ದಾಖಲಾಗಬೇಕು. ಆ ನಂಬರ್ ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅನ್ನಿ. ಟ್ರಯಲ್‌ನಿಂದಲೇ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮಗಳಲ್ಲೇ ಇದೆ.

ನಮ್ಮ ಊರಿನಲ್ಲಿ ಆಗಬೇಕಾದ ಟ್ರಯಲ್ ಯಾವುದು ಎಂದು ನನ್ನನ್ನು ಕೇಳಿದರೆ, ಹೊಸ ಬಲೂನಿನದಲ್ಲ. ಸರ್ಕಾರ ನಡೆಸುವ ಕೆಲವು 'ನಮ್ಮ ಕ್ಲಿನಿಕ್'‌ಗಳಿಗೆ ಡಾಪ್ಲರ್ ಕಡ್ಡಿ ಮತ್ತು ಬೆರಳಿನ ಪಟ್ಟಿ ಕೊಡಿ. ಅಲ್ಲಿನ ನರ್ಸ್‌ಗಳಿಗೆ ತರಬೇತಿ ಕೊಡಿ. ಶುಗರ್ ಮಾತ್ರೆಗೆ ಬರುವ ಪ್ರತಿಯೊಬ್ಬರ ಪಾದ ವರ್ಷಕ್ಕೊಮ್ಮೆ ನೋಡಲಿ, ಅನುಮಾನ ಬಂದವರನ್ನು ದೊಡ್ಡ ಆಸ್ಪತ್ರೆಗೆ ದಿನ ಗೊತ್ತುಮಾಡಿ ಕಳಿಸಲಿ. ಇದಿಲ್ಲದ ಕ್ಲಿನಿಕ್‌ಗಳ ಜೊತೆ ಹೋಲಿಸಿ, ಎಷ್ಟು ಕಾಲು ಉಳಿದವು ಎಂದು ಕೆಲವು ವರ್ಷ ಲೆಕ್ಕ ಇಡಲಿ. ಅಲ್ಲಿಯವರೆಗೆ ಮನೆಯವರು ಮಾಡಬಹುದಾದ್ದು ಎರಡಿವೆ. ಮುಂದಿನ ಸಲ ಶುಗರ್ ತೋರಿಸಲು ಹೋದಾಗ ಚಪ್ಪಲಿ ಬಿಚ್ಚಿ, ಪಾದದ ನಾಡಿ ನೋಡಿ ಎಂದು ಡಾಕ್ಟರಿಗೆ ಹೇಳಿ. ಬೆರಳನ್ನೋ ಕಾಲನ್ನೋ ತೆಗೆಯಬೇಕು ಎಂದು ಯಾರಾದರೂ ಹೇಳಿದರೆ, ಜೀವಕ್ಕೇ ಅಪಾಯ ತರುವ ಸೋಂಕು ಇಲ್ಲದಿದ್ದ ಪಕ್ಷದಲ್ಲಿ, ರಕ್ತನಾಳದ ಪರೀಕ್ಷೆ ಮತ್ತು ಆ ವಿಭಾಗದ ಡಾಕ್ಟರ ಅಭಿಪ್ರಾಯ ಸಿಗುವವರೆಗೆ ಸಹಿ ಹಾಕಬೇಡಿ.